ಅಜ್ಜಿ ಪೂಜೆ ಮಾಡಿದ ವಿಡಿಯೋ ಗೇಮ್

ಗ್ರಾಂಟ್ ರೋಡಿನ ರಿಪೇರಿ ಅಂಗಡಿಯಲ್ಲಿ ಇವತ್ತು ನನ್ನ ಹಳೆಯ ವಿಡಿಯೋ ಗೇಮ್ ಬಿಚ್ಚಿದರು. ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ನಾನು ಚಿಕ್ಕವನಿದ್ದಾಗ ಮಲಾಡಿನ ಚಾಳಿನಲ್ಲಿದ್ದ ನಮ್ಮ ಒಂದು ಕೋಣೆಯ ಮನೆಗೆ ಓಡಿತು.

ಅವತ್ತು ಆಯುಧ ಪೂಜೆ. ಊರಿಂದ ಬಂದಿದ್ದ ಅಜ್ಜಿ, ಗಾರೆ ಕೆಲಸದ ಅಪ್ಪನ ಕರಣೆಯ ಪಕ್ಕ ನನ್ನ ಗೇಮನ್ನೂ ಇಟ್ಟು, ಕುಂಕುಮ ಹಚ್ಚಿ ನೀರು ಚಿಮುಕಿಸಿದಳು.

"ದಿನಾ ಇದನ್ನ ಹಿಡ್ಕೊಂಡು ಯುದ್ಧ ಮಾಡ್ತೀಯಲ್ಲೋ, ಇದೂ ಒಂದು ಆಯುಧನ ಬಿಡು" ಎಂದು ನಕ್ಕಳು.

ಸಂಜೆ ಅದು ಚಾಲೂ ಆಗಲಿಲ್ಲ.

"ನೀರು ಹಾಕಿ ನೀನ ಕೆಡಿಸಿದಿ. ಇನ್ನ ನನ್ನ ಸಾಮಾನು ಮುಟ್ಟಬ್ಯಾಡ" ಎಂದು ಕಿರುಚಿದೆ. ಅಜ್ಜಿ ಸೆರಗಿನಿಂದ ಅದನ್ನು ಒರೆಸುತ್ತಲೇ ಕೂತಳು.

ಅಂಗಡಿಯಲ್ಲಿದ್ದ ನಮ್ಮೂರ ಕಡೆಯ ಮೆಕ್ಯಾನಿಕ್ ಇವತ್ತು ಒಳಗಿನ ಬೋರ್ಡ್ ತೋರಿಸಿದ. "ನೀರು ಹೋಗಿದ್ರ ತುಕ್ಕು ಹಿಡೀತಿತ್ರೀ. ಬರೇ ಸ್ವಿಚ್ಚಿನ ಬೆಸುಗೆ ಬಿಟ್ಟೈತಿ."

ಸಾಯುವವರೆಗೂ ಅಜ್ಜಿ, ನನ್ನ ಪುಸ್ತಕ ಸರಿಸಬೇಕಾದರೂ, "ಮುಟ್ಟಲೇನಪಾ?" ಎಂದು ಕೇಳುತ್ತಿದ್ದಳು.