ವಾರಂಟಿಗೆ ಹೋದ ಸೀರೆ

ಮುಂಡರಗಿಯ ಗಿರಾಕಿ ಅಕ್ಕ ಬೆಳಿಗ್ಗೆಯೇ ಫೋನ್ ಮಾಡಿದರು ಗೆಳೆಯರೇ. ನಾಳೆ ಅವರ ಮಗಳ ನಿಶ್ಚಿತಾರ್ಥ.

"ತಮ್ಮಾ, ಹಸರ ಬಣ್ಣ ಕೇಳಿದ್ದು ಖರೆ. ಆದ್ರ ಇದನ್ನ ಮಗಳಿಗೆ ಉಡಸೂದು ಹೆಂಗಪಾ?"

ಏನಾಗಿದೆಯೆಂದು ಕೂಡಲೇ ಹೊಳೆಯಿತು. ನನ್ನ ಕಂಪ್ಯೂಟರಿನ ಕೆಟ್ಟ ಹಸಿರು ಮದರ್‌ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದರ ಬಾಕ್ಸ್ ಸಿಗದೆ, ಅಪ್ಪ ಅದನ್ನು ಸೀರೆಯ ಬಾಕ್ಸಿನಲ್ಲಿಟ್ಟು ಕಟ್ಟಿದ್ದರು. ಪಕ್ಕದಲ್ಲೇ ಅವರು ನೇಯ್ದ ಸೀರೆ, ಅಂಥದೇ ಬಾಕ್ಸಿನಲ್ಲಿ. ವಿಳಾಸದ ಚೀಟಿಗಳನ್ನು ಅದಲುಬದಲು ಅಂಟಿಸಿದವರೂ ಅವರೇ.

ಕಂಪ್ಯೂಟರ್ ಕಂಪನಿಗೆ ಫೋನ್ ಹಚ್ಚಿದೆ.

"ಚೆಕ್ ಮಾಡಿದೀವಿ ಸರ್. ನಿಮ್ಮ ಮದರ್‌ಬೋರ್ಡಲ್ಲಿ ಯಾವ ಪ್ರಾಬ್ಲಮ್ಮೂ ಇಲ್ಲ. ವಾಪಸ್ ಕಳಿಸ್ತಿದೀವಿ."

"ಮೇಡಂ, ಅದು ಸೀರಿ ಐತ್ರಿ!"

"ಸಿಸ್ಟಮ್‌ನಲ್ಲಿ ಮದರ್‌ಬೋರ್ಡ್ ಅಂತಾನೇ ಇದೆ ಸರ್. ಟೆಸ್ಟಿಂಗ್ ಪಾಸ್ ಆಗಿದೆ."

ಅಲ್ಲಿಯವರೆಗೆ ತಪ್ಪು ಮಾಡಿದವರಂತೆ ಮಗ್ಗದ ಮುಂದೆ ತಲೆ ತಗ್ಗಿಸಿ ಕೂತಿದ್ದ ಅಪ್ಪ, ಸ್ಪೀಕರಿನಲ್ಲಿ ಇದನ್ನು ಕೇಳಿದ್ದೇ ಮೀಸೆ ತೀಡಿಕೊಂಡರು.

"ನಾ ನೇಯ್ದದ್ದು ಪಾಸ್ ಆಗದ ಏನ್ ಆಗತೈತಲೇ?"

ಈಗ ಇನ್ನೊಂದು ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಟಗೇರಿಯಿಂದ ಮುಂಡರಗಿಗೆ ಹೊರಟಿದ್ದೇನೆ. ಬಸ್ ಹತ್ತಿಸಲು ಬಂದ ಅಪ್ಪ, ಅಕ್ಕನ ಹತ್ತಿರ ಕ್ಷಮೆ ಕೇಳು ಅನ್ನಲಿಲ್ಲ. ಕಿಟಕಿಯ ಹತ್ತಿರ ಬಂದು ಹೇಳಿದ್ದು ಇಷ್ಟೇ:

"ನಮ್ಮ ಸೀರಿ ಕಂಪ್ಯೂಟರ್ ಕಂಪನ್ಯಾಗ ಟೆಸ್ಟ್ ಆಗ್ಯಾವು ಅಂತ ಹೇಳು. ಮರೀಬ್ಯಾಡ."