ಕುಂಕುಮ ಹಚ್ಚಿದ ಗಾಳ

ಮೀನಂಗಡಿ ಕಂಡರೆ ಮೂಗು ಮುಚ್ಚಿಕೊಳ್ಳುವ ಶಿವಶರಣಪ್ಪ ಮೀನಿನ ಗಾಳ ಕಟ್ಟಿ ಮಾರುತ್ತಾನೆಂದರೆ ಯಾರು ನಂಬಬೇಕು? ಬಾಗಲಕೋಟೆ ಕಡೆಯ ಲಿಂಗಾಯತ, ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನನ್ನ ಪಕ್ಕದ ಮನೆಯವನು. 2009ರಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಯೊಂದರಲ್ಲಿದ್ದ ಅವನ ಕೆಲಸ ಹೋಯಿತು. ಅವನ ಜೊತೆಗೇ ಕೆಲಸ ಕಳೆದುಕೊಂಡಿದ್ದ ಅಮೆರಿಕನ್ ಗೆಳೆಯನೊಬ್ಬ ಹೊಳೆಗೆ ಕರೆದೊಯ್ದು, ಕೊಕ್ಕೆಗೆ ಗರಿ ಮತ್ತು ದಾರ ಸುತ್ತಿ ಹುಳುವಿನಂತೆ ಕಾಣುವ ಫ್ಲೈ ಕಟ್ಟುವುದನ್ನು ಕಲಿಸಿದ. ಸಿಕ್ಕ ಮೀನನ್ನು ನೀರಿಗೇ ಬಿಡುತ್ತಾರೆಂದು ಕೇಳಿ, “ಬಿಡೂದಾದ್ರ ಅಡ್ಡಿಯಿಲ್ಲ” ಎಂದು ಇವನು ಕುಳಿತೇಬಿಟ್ಟ.

ಅಗ್ಗದ ಫ್ಲೈಗಳು ಮೀನಿನ ಹಲ್ಲಿಗೆ ಸಿಕ್ಕರೆ ಬಿಚ್ಚಿಹೋಗುತ್ತವೆ. ಇವನು ಗರಿಯ ಮೇಲೆ ಸಣ್ಣ ತಂತಿ ಸುತ್ತಿ, ಗಂಟಿಗೆ ಒಂದು ಹನಿ ವಾರ್ನಿಶ್ ಹಾಕುತ್ತಿದ್ದ. ಬೆಲೆ ಮಾತ್ರ ಕೊಳ್ಳುವವನ ಕೈಗೆಟಕುವಷ್ಟೇ. ಬಿಚ್ಚಿದರೆ ಬದಲಿ ಕೊಡುತ್ತೇನೆಂಬ ಮಾತು ಬೇರೆ.

ಹೆಂಡತಿ ಸಿದ್ದೇಶ್ವರಿ ಈ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಆಸ್ಪತ್ರೆಯ ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಆ ಮೌನ ಇವನನ್ನು ಚುಚ್ಚುತ್ತಿತ್ತು.

ಮರುವರ್ಷ ಗುಡ್ಡಗಾಡಿನ ಬ್ರೆವರ್ಡ್‌ನಿಂದ ವಾಲ್ಟರ್ ಎಂಬ ಅಂಗಡಿಯವನು ಒಂದು ಪೆಟ್ಟಿಗೆ ಫ್ಲೈ ತರಿಸಿಕೊಂಡ. ಒಪ್ಪಿಗೆಯಾದರೆ ಮುಂದೆ ಇವನಿಂದಲೇ ಕೊಳ್ಳುವುದಾಗಿ ಹೇಳಿದ್ದ. ಆಯುಧಪೂಜೆ ಮುಗಿದ ಮೇಲೆ ಪೆಟ್ಟಿಗೆ ಅಂಚೆಗೆ ಹೋಗಿ ಮೂರನೆಯ ದಿನ ಊಟಕ್ಕೆ ಕೂತಾಗ ಸಿದ್ದೇಶ್ವರಿ ಬಾಯಿಬಿಟ್ಟಳು.

“ಖಂಡೇಪೂಜಿ ದಿನ ನೀವು ತುಂಬಿಟ್ಟ ಪೆಟಗಿಗೂ ಪೂಜಾ ಮಾಡೀನ್ರಿ. ಒಂದೊಂದಕ್ಕೂ ಕುಂಕುಮ ಹಚ್ಚೀನಿ.”

ಶಿವಶರಣಪ್ಪನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. ಅವು ಬಿಳಿ ಗರಿಯ ಫ್ಲೈಗಳು. ಕೆಂಪು ಬೊಟ್ಟಿಟ್ಟುಕೊಂಡ ಹುಳು ಯಾವ ಹೊಳೆಯಲ್ಲಿದೆ? ಊಟ ಬಿಟ್ಟೆದ್ದು ಬಂದು ನನ್ನ ಬಾಗಿಲು ತಟ್ಟಿದ. ಶನಿವಾರ ಬೆಳಿಗ್ಗೆಯೇ ಇಬ್ಬರೂ ಪೆಟ್ಟಿಗೆ ವಾಪಸ್ ತರಲು ಹೊರಟೆವು.

“ಮುರಳೀಧರ, ಹೆಸರು ಹೋತಪಾ,” ಎಂದ ದಾರಿಯಲ್ಲಿ.

“ಇನ್ನೂ ಬಂದೇ ಇಲ್ವಲ್ಲೋ, ಹೋಗೋದೆಲ್ಲಿಂದ?” ಎಂದೆ. ಅವನು ನಗಲಿಲ್ಲ.

ವಾಲ್ಟರ್ ಆಗಲೇ ಒಂದು ಫ್ಲೈಯನ್ನು ಮೀನು ಹಿಡಿಸುವ ಗೈಡ್ ಒಬ್ಬನಿಗೆ ಕೊಟ್ಟು ಹೊಳೆಗೆ ಕಳಿಸಿದ್ದ. ಕ್ಷಮೆ ಕೇಳಲು ಹೋದವನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಗೈಡ್ ಬರಲಿ ಎಂದ. ಅಲ್ಲಿ ಕಾದ ಹೊತ್ತು ಶತ್ರುವಿಗೂ ಬೇಡ.

ಮಧ್ಯಾಹ್ನ ಗೈಡ್ ಬಂದು ಫ್ಲೈಯನ್ನು ಮೇಜಿನ ಮೇಲಿಟ್ಟ. ಬೆಳಗಿನಿಂದ ಗಾಳದ ದಾರಕ್ಕೆ ಅದೊಂದನ್ನೇ ಕಟ್ಟಿ ಮೀನು ಹಿಡಿದಿದ್ದನಂತೆ. ಗರಿ ಕಡಿಸಿಕೊಂಡು ಮುದುರಿತ್ತು. ಕುಂಕುಮ ಮೊದಲ ನೀರಿಗೇ ಹೋಗಿತ್ತು. ಗಂಟು ಮಾತ್ರ ಕಟ್ಟಿದಂತೆಯೇ ಇತ್ತು. ವಾಲ್ಟರ್ ಉಗುರಿನಿಂದ ಎಳೆದು ನೋಡಿದ, ಮತ್ತೆ ಎಳೆದ. ಇಂಥವೇ ಪ್ರತಿ ತಿಂಗಳೂ ಬೇಕು ಎಂದ. ಪೆಟ್ಟಿಗೆಯಲ್ಲಿ ಉಳಿದವುಗಳ ಮೇಲಿನ ಕೆಂಪು ಏನೆಂದು ಕೇಳಿದ್ದಕ್ಕೆ, ನಮ್ಮ ಕಡೆ ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ ಎಂದು ನಾನೇ ವಿವರಿಸಿದೆ.

ಶಿವಶರಣಪ್ಪ ನನ್ನ ಮುಖವನ್ನೇ ನೋಡಿದ. ಹಿಂದಿರುಗುವಾಗ ಕಾರಿನ ಸೀಟಿಗೆ ನಿರಾಳವಾಗಿ ಒರಗಿದ.

“ಅಕಿ ಅದನ್ನ ನನ್ನ ದುಡಿಮಿ ಅಂತ ತಿಳ್ಕೊಂಡಾಳೋ,” ಎಂದು ಕಣ್ಣೊರೆಸಿಕೊಂಡ. “ನಾನು ಹಂಗ ತಿಳ್ಕೊಂಡಿರಲಿಲ್ಲ.”