ಅಂಬಾಸಿಡರ್ ಚಾಚಾ

ಚಾಚಾರ ಬಲಗೈ ಹೆಬ್ಬೆರಳು ಸೊಟ್ಟಗಿತ್ತು. ಯಾವುದೋ ಕಾಲದಲ್ಲಿ ಕಾರು ಎಬ್ಬಿಸಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ಮುರಿದ ಬೆರಳು, ಮತ್ತೆ ನೆಟ್ಟಗೆ ಕೂಡಿಕೊಳ್ಳಲಿಲ್ಲ. ಅದೇ ಕೈಯಲ್ಲಿ ತಮ್ಮ ಬಿಳಿ ಅಂಬಾಸಿಡರನ್ನು ದಿನವೂ ಒರೆಸುತ್ತಿದ್ದರು. "ಇದಕ್ಕೆ ಕಬ್ಬಿಣ ಹಾಕಿದಾರೆ. ಈಗಿನ ಗಾಡಿಗೆ ಬರೀ ಬಣ್ಣ" ಎನ್ನುತ್ತಿದ್ದರು.

ಯಲ್ಲಾಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ಮಂಚಿಕೇರಿ, ಶಿರಸಿ ಎಂದು ವಾರವಿಡೀ ಬಾಡಿಗೆಗೆ ಓಡುತ್ತಿದ್ದ ಕಾರಿಗೆ ಭಾನುವಾರ ಮಧ್ಯಾಹ್ನ ರಜೆ. ಟಿವಿಯಲ್ಲಿ ಆಕಾಶಕ್ಕೆ ಹಾರುವ ವೀರನ ಧಾರಾವಾಹಿ ಶುರುವಾಗುವುದಕ್ಕೂ ಊರಿನ ಕರೆಂಟು ಹೋಗುವುದಕ್ಕೂ ಸರಿಯಾಗುತ್ತಿತ್ತು. ಚಾಚಾ ತಮ್ಮ ಪುಟ್ಟ ಕಪ್ಪುಬಿಳುಪು ಟಿವಿಯನ್ನು ಜಗಲಿಗೆ ತಂದು, ಕಾರಿನ ಬ್ಯಾಟರಿಯಿಂದ ವೈರು ಎಳೆದು ಹಚ್ಚುತ್ತಿದ್ದರು. ಕೇರಿಯ ಮಕ್ಕಳೆಲ್ಲ ಅಲ್ಲಿ. ಖಳನ ಕೈ ಮೇಲಾದರೆ ನಮಗಿಂತ ಮೊದಲು ಚಾಚಾರೇ ಕೂಗುತ್ತಿದ್ದರು: "ತಡೀರಿ, ಬರ್ತಾನೆ! ಬಂದೇ ಬರ್ತಾನೆ!"

ಅಂಥ ಒಂದು ಭಾನುವಾರ, ಧಾರಾವಾಹಿ ಮುಗಿದ ಮೇಲೆ, ನಾನು ಆರು ವರ್ಷದ ತಮ್ಮನ ಕೊರಳಿಗೆ ಕೆಂಪು ಟವೆಲ್ ಕಟ್ಟಿ, ಎರಡು ಮನೆಗಳ ನಡುವಿನ ಗೋಡೆ ಹತ್ತಿಸಿದೆ. "ಹಾರು, ಎಂತದೂ ಆಗೂದಿಲ್ಲ" ಎಂದೆ. ನನಗಾಗ ಹತ್ತು ವರ್ಷ. ಅವನು ನನ್ನ ಮಾತು ನಂಬಿ ಹಾರಿದ. ತೊಡೆಯ ಮೂಳೆ ಮುರಿಯಿತು.

ಮೊದಲು ಓಡಿ ಬಂದವರು ಚಾಚಾ. ಟಿವಿ ಓಡಿಸಿ ಬ್ಯಾಟರಿ ಸೋತಿತ್ತು. ಹ್ಯಾಂಡಲ್ ಹಾಕಿ ಕಾರು ಎಬ್ಬಿಸಿ, ಹುಬ್ಬಳ್ಳಿಯ ಆಸ್ಪತ್ರೆಯವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಕಾಲು ಉಳಿಯಿತು. ಆದರೆ ಗಿಡ್ಡವಾಯಿತು, ತಮ್ಮ ಕುಂಟತೊಡಗಿದ. ಕೇಳಿದವರಿಗೆಲ್ಲ ಅವನು "ನಾನೇ ಹಾರ್ದೆ" ಎಂದಷ್ಟೇ ಹೇಳಿದ.

ಅಮ್ಮ ಒಂದು ದಿನ ಕೇರಿಯ ನಡುವೆ ನಿಂತು ಚಾಚಾರನ್ನು ಬೈದಳು. "ನಿಮ್ಮ ಟಿವಿ ನೋಡೇ ನನ್ನ ಮಗ ಹಾಳಾದ. ಇನ್ನು ನಮ್ಮ ಬಾಗಿಲಿಗೆ ಬರೂದು ಬ್ಯಾಡ."

ನಾನು ಅಮ್ಮನ ಬೆನ್ನ ಹಿಂದಿದ್ದೆ. ಚಾಚಾ ನನ್ನನ್ನೊಮ್ಮೆ ನೋಡಿದರು. "ಹೌದು ಅಕ್ಕಾ, ತಪ್ಪು ನಂದೇ" ಎಂದರು. ಆಮೇಲೆ ಟಿವಿ ಜಗಲಿಗೆ ಬರಲಿಲ್ಲ. ಅಮ್ಮ ಅವರ ಜೊತೆ ಮಾತು ಬಿಟ್ಟಳು. ನಾನು ಬಾಯಿ ಬಿಡಲಿಲ್ಲ.

ಮದುವೆಯಾಗಿ ಶಿರಸಿಗೆ ಬಂದೆ. ಅಂಬಾಸಿಡರ್ ಹತ್ತುವವರು ಕಡಿಮೆಯಾದರು, ಬಿಡಿಭಾಗಗಳೂ ಸಿಗದಾದವು. ಕಾರು ಮನೆಯ ಮಗ್ಗುಲಲ್ಲಿ ನಿಂತಲ್ಲೇ ತುಕ್ಕು ಹಿಡಿಯಿತು. ಹೋದ ವರ್ಷ ತವರಿಗೆ ಹೋದಾಗ ಚಾಚಾ ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ.

"ನಂಗೆ ಗೊತ್ತಿತ್ತು ಬೇಟಿ" ಎಂದರು. "ಕಾರ್ ಒರೆಸ್ತಾ ಇದ್ದೆ. ಬ್ಯಾಡ ಅಂತ ಕೂಗೋದ್ರೊಳಗೆ ಹಾರೇಬಿಟ್ಟ."

"ಮತ್ತೆ ಯಾಕೆ ಹೇಳ್ಲಿಲ್ಲ ಚಾಚಾ?"

"ನೀನು ಆ ಮನೇಲಿ ಬೆಳೀಬೇಕಿತ್ತು. ನಾನು ಪಕ್ಕದ ಮನೆಯವ. ನನ್ನ ಮೇಲೆ ಸಿಟ್ಟು ಇಟ್ಕೊಂಡ್ರೆ ನಡೀತದೆ."

ಅಮ್ಮನಿಗೆ ಇವತ್ತೇ ಹೇಳುತ್ತೇನೆ ಎಂದು ಎದ್ದು ಬಂದೆ. ಧೈರ್ಯ ಬರಲಿಲ್ಲ. ಇವತ್ತು ನಾಳೆ ಎನ್ನುವುದರೊಳಗೆ ಚಾಚಾರನ್ನು ಆಸ್ಪತ್ರೆಗೆ ಸೇರಿಸಿದರು. ಜೀವಂತವಾಗಿ ತಿರುಗಿ ಬರಲಿಲ್ಲ.

ಅವರನ್ನು ಹೊತ್ತೊಯ್ಯುವಾಗ ತಮ್ಮ ಕುಂಟುತ್ತ ಜನರ ಹಿಂದೆ ನಡೆದ. ಕಿಟಕಿಯಲ್ಲಿ ನಿಂತಿದ್ದ ಅಮ್ಮನಿಗೆ ಆಗ ಹೇಳಿದೆ. ಅಮ್ಮ ನನ್ನನ್ನು ಬೈಯಲಿಲ್ಲ. "ಮೊನ್ನೆ ಆಸ್ಪತ್ರೆಗೆ ಕರ್ಕಂಡು ಹೋಗುವಾಗ ನನ್ನ ಕಂಡು ಕೈ ಎತ್ತಿದ್ರು" ಎಂದಳು. "ನಾ ಒಳಗೆ ಬಂದು ಬಾಗಿಲು ಹಾಕ್ಕಂಡೆ."